ಹಸಿಗಂಪು

ನಮ್ಮ ಊರಿನಲ್ಲಿ ಹೆರಿಗೆಯ ಮನೆಯ ಮುಂದೆ ಹಾದುಹೋಗುವವರು ಮೂಗು ಮುಚ್ಚಿಕೊಂಡು ನಡೆಯುತ್ತಾರೆ. ಹೇಸಿಗೆಯಿಂದಲ್ಲ, ಹೆದರಿಕೆಯಿಂದ. ಕೂಸು ನೆಲಕ್ಕೆ ಬಿದ್ದ ಗಳಿಗೆಯಲ್ಲಿ ಏಳುವ ಹಸಿಗಂಪು ಯಾರ ಮೂಗಿಗೆ ಬಡಿಯುತ್ತದೆಯೋ ಅವರು ಆ ಕೂಸಿಗೆ ಬದುಕಿರುವ ತನಕ ಅಂಟಿಕೊಳ್ಳುತ್ತಾರೆ. ಹೆತ್ತವಳೇ ಆಗಬೇಕೆಂದಿಲ್ಲ, ಹೆಣ್ಣೇ ಆಗಬೇಕೆಂದೂ ಇಲ್ಲ. ಅಂಚೆಯ ಮಲ್ಲೇಶಿ ಒಮ್ಮೆ ಮನಿಯಾರ್ಡರ್ ಕೊಡಲು ಸಿಂಪಿಗರ ಮನೆಯ ಬಾಗಿಲನ್ನು ತಪ್ಪು ಹೊತ್ತಿನಲ್ಲಿ ಬಡಿದ. ಇವತ್ತಿಗೂ ಅವನು ಆ ಹುಡುಗಿಯ ಜಡೆ ಹೆಣೆದು, ಅವಳನ್ನು ಶಾಲೆಯ ಗೇಟಿನೊಳಗೆ ಬಿಟ್ಟು ಬಂದ ಮೇಲೆಯೇ ಊರಿಗೆ ಕಾಗದ ಹಂಚುವುದು. ಠಾಣೆಯ ಜಮಾದಾರನಿಗೆ ಹತ್ತಿದ್ದು ಒಬ್ಬ ಕಳ್ಳನ ಮಗನ ಕಂಪು. ಆ ಹುಡುಗ ಬೆಳೆದು ಅಪ್ಪನ ಕಸುಬನ್ನೇ ಹಿಡಿದಿದ್ದಾನೆ. ಜಮಾದಾರ ಅವನನ್ನು ಹಿಡಿದು ತರುತ್ತಾನೆ, ಊಟಕ್ಕೆ ಕೂಡಿಸಿ ತುಪ್ಪ ಬಡಿಸುತ್ತಾನೆ, ಆಮೇಲೆ ಕೋಣೆಗೆ ಬೀಗ ಹಾಕಿ ತಾನೂ ಒಳಗೇ ಮಲಗುತ್ತಾನೆ. ಗುಡಿಯ ಹಿಂದಿನ ಒಂದು ಆಡು ಪೂಜಾರಿಯ ಮಗನ ಬೆನ್ನು ಬಿಡದೆ ಶಾಲೆಗೆ ಬರುತ್ತಿತ್ತು. ಓಡಿಸಿ ಓಡಿಸಿ ಸಾಕಾದ ಮಾಸ್ತರರು ಕೊನೆಗೆ ಅದನ್ನೂ ಹಾಜರಿಯಲ್ಲಿ ಕೂಗತೊಡಗಿದರು.

ಇದು ಮೂಗಿನಿಂದ ತಲೆಗೆ ಏರಿ ತಲೆಯಿಂದ ಎದೆಗೆ ಇಳಿಯುವಂಥದ್ದು ಎಂದು ನಮ್ಮ ಮುದುಕಿಯರು ಹೇಳುತ್ತಾರೆ. ದವಾಖಾನೆಯ ಡಾಕ್ಟರು ಅದನ್ನೇ ಹಾರ್ಮೋನು ಎನ್ನುತ್ತಾರೆ. ತಲೆಯೊಳಗೆ ಒಂದು ರಸ ಇಳಿಯುತ್ತದಂತೆ, ಆ ರಸ ಕುರಿಗೂ ಒಂದೇ ಮನುಷ್ಯರಿಗೂ ಒಂದೇ ಅಂತೆ. ಏನೇ ಇರಲಿ, ಜನ ಹೊಂದಿಕೊಂಡಿದ್ದಾರೆ. ದಿನ ತುಂಬಿದವರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಹೆಣ್ಣು ಕೊಡುವವರು ಹುಡುಗನ ಹೊಲ ಮನೆ ವಿಚಾರಿಸಿದ ಮೇಲೆ, ಅವನಿಗೆ ಎಲ್ಲಾದರೂ ಕಂಪು ಹತ್ತಿದೆಯೇ ಎಂದು ಮೆಲ್ಲಗೆ ಕೇಳುತ್ತಾರೆ.

ಹೊಂದಿಕೊಳ್ಳುವುದರಲ್ಲೂ ಮೇಲೋಣಿ, ಕೆಳಗೋಣಿ ಎಂಬುದಿದೆ. ಮೇಲೋಣಿಯಲ್ಲಿ ಉಣ್ಣೆ ಗಿರಣಿಯ ಸಾವ್ಕಾರರು ಮತ್ತು ಅವರ ಬೀಗರು. ಕೆಳಗೋಣಿಯಲ್ಲಿ ಅದೇ ಗಿರಣಿಯಲ್ಲಿ ಉಣ್ಣೆ ಹಿಂಜುವ ನಾವು. ಮೇಲೋಣಿಯ ಸೊಸೆ ಹೆರುವಾಗ ಅವಳ ಮೂಗಿಗೆ ಕರ್ಪೂರದ ಅರಳೆ ಇಡುತ್ತಾರೆ, ಎದೆಗೆ ಮಲ್ಲಿಗೆ ದಂಡೆ ಕಟ್ಟಿ ಹಾಲು ಬತ್ತಿಸುತ್ತಾರೆ. ಅವಳು ನಿದ್ದೆಗೆಡಬಾರದು, ಮೈ ಸಡಿಲಾಗಬಾರದು, ಲಗ್ನ ಕಾರ್ಯಗಳಿಗೆ ಹೋಗಿಬರುವುದು ನಿಲ್ಲಬಾರದು. ಅವಳ ಪಾಲಿನ ಹಸಿಗಂಪನ್ನು ಕುಡಿಯಲು ಕೆಳಗೋಣಿಯಿಂದ ಒಬ್ಬ ಹಸಿ ಬಾಣಂತಿಯನ್ನು ಕರೆತಂದು ಕೂಡಿಸುತ್ತಾರೆ. ಅವಳಲ್ಲಿ ಹಾಲೂ ಇರುತ್ತದೆ. ಜೊತೆಗೆ, ಹೆತ್ತ ಹೊಸತರಲ್ಲಿ ಹೆಣ್ಣಿನ ತಲೆ ಆಗತಾನೆ ಮೆತ್ತಿದ ಮಣ್ಣಿನ ಗೋಡೆಯಂತೆ, ಒತ್ತಿದ ಬೆರಳು ಹಾಗೆಯೇ ಮೂಡಿ ಒಣಗುತ್ತದೆ. ಆ ಗೋಡೆಯ ಮೇಲೆ ಬೇರೆ ಬೆರಳು ಮೊದಲೇ ಮೂಡಿಬಿಡಬಾರದಲ್ಲ, ಅದಕ್ಕಾಗಿ ಅವಳು ತನ್ನ ಕೂಸನ್ನು ಹೆರುವಾಗ ಅವಳ ಮೂಗಿಗೆ ಇಂಗು ಮೆತ್ತಿದ ಉಣ್ಣೆ ತುರುಕುತ್ತಾರೆ. ಅವರಿಗೆ ಕರ್ಪೂರ, ನಮಗೆ ಇಂಗು.

ಹೀಗೆ ಅಂಟಿಕೊಂಡವಳಿಗೆ ಸಂಬಳವಿಲ್ಲ. ಪ್ರೀತಿಗೆ ಯಾರಾದರೂ ಕೂಲಿ ಕೇಳುತ್ತಾರೆಯೇ ಎಂದು ಸಾವ್ಕಾರ್ತಿಯರು ಗಲ್ಲದ ಮೇಲೆ ಬೆರಳಿಡುತ್ತಾರೆ. ಕೇಳುವವರಾದರೂ ಯಾರು? ಅಂಟಿಕೊಂಡವಳೇ ಕೇಳುವುದಿಲ್ಲ. ಬಾಗಿಲಿನಿಂದ ಅಟ್ಟಿದರೆ ಹಿತ್ತಲಿನಿಂದ ಬಂದು ಆ ಕೂಸಿನ ಬಟ್ಟೆ ಒಗೆಯುತ್ತಾಳೆ.

ನನ್ನ ಅವ್ವ ಹೊನ್ನವ್ವ ಅಂಥವಳು. ನಾನು ಹುಟ್ಟಿದಾಗ ಅವಳ ಮೂಗಿನಲ್ಲಿ ಇಂಗಿತ್ತು. ಅದಾಗಿ ಸ್ವಲ್ಪ ದಿನಕ್ಕೆ ಗಿರಣಿ ಸಾವ್ಕಾರನ ಮಗ ಶೇಖರ ಹುಟ್ಟಿದ, ಅವನ ಕಂಪನ್ನು ಅವಳು ಕುಡಿದಳು. ನನಗೆ ದಡಾರ ಎದ್ದು ಮೈಯೆಲ್ಲ ಕೆಂಡವಾಗಿದ್ದಾಗ ಅವಳು ಶೇಖರನ ಬಿಕ್ಕಳಿಕೆ ನಿಲ್ಲಿಸಲು ಮೇಲೋಣಿಗೆ ಹೋಗಿದ್ದಳು. ಅವಳು ಕೆಟ್ಟವಳಲ್ಲ. ಬೇರೆಯದರ ಮರಿಯನ್ನು ಗುದ್ದುವ ಕುರಿಯನ್ನು ಯಾರೂ ಕೆಟ್ಟದ್ದು ಎನ್ನುವುದಿಲ್ಲ. ಆದರೆ ಗುದ್ದಿಸಿಕೊಂಡ ಮರಿಗೆ ನೋವಾಗುವುದಿಲ್ಲ ಎಂದೂ ಯಾರೂ ಹೇಳಲಾರರು.

ನನ್ನ ಲಗ್ನವಾಗಿ, ನಾನು ಬಸುರಾದ ವರ್ಷವೇ ಶೇಖರನ ಹೆಂಡತಿಯೂ ಬಸುರಾದಳು. ನನ್ನ ಗಂಡ ಕುರಿ ಹಿಂಡಿನ ಸಂಗಡ ದೂರದ ಬಯಲಿಗೆ ಹೋಗಿದ್ದ, ಮುಂಗಾರಿನ ತನಕ ಬರುವವನಲ್ಲ. ಗಿರಣಿ ಮನೆಯವರು ಸುದ್ದಿಯನ್ನು ಬೇರೆಯವರ ಕೈಯಲ್ಲಿ ಕಳಿಸಲಿಲ್ಲ, ಅವ್ವನನ್ನೇ ಕಳಿಸಿದರು. ಅವಳು ಹೊಸ್ತಿಲ ಮೇಲೆ ಕೂತು, ಸೊಸೆಗೆ ದಿನ ತುಂಬುತ್ತಾ ಬಂದಿದೆ, ನಿನಗೆ ಅದಕ್ಕೂ ಮೊದಲೇ ಆಗುತ್ತದೆ, ಊರಲ್ಲಿ ನಿನ್ನಷ್ಟು ಗಟ್ಟಿ ಮೈಯವಳು ಯಾರೂ ಇಲ್ಲವೆಂದು ಸಾವ್ಕಾರರು ತಾವಾಗಿ ಹೇಳಿದರು ಎಂದೆಲ್ಲ ಹೇಳಿದಳು. ಹೇಳುವಾಗ ಅವಳ ಮುಖ ಹಬ್ಬದ ಮನೆಯಂತಿತ್ತು.

"ಶೇಖಣ್ಣನ ಕೂಸು ಅಂದ್ರ ನನಗ ಮೊಮ್ಮಗ ಇದ್ದಂಗಲ್ಲೇನ ದುರಗಿ," ಅಂದಳು.

"ಮತ್ತ ನನ್ನ ಹೊಟ್ಟ್ಯಾಗಿಂದು?"

ಅವ್ವ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಮರೆತ ಮಾತೊಂದನ್ನು ನೆನಪು ಮಾಡಿಕೊಳ್ಳುವವಳಂತೆ.

"ಅದೂ ಮೊಮ್ಮಗನ ಅಂತಾರ," ಅಂದಳು.

ಆ "ಅಂತಾರ" ಎಂಬ ಮಾತು ನನ್ನ ಕರುಳಿಗೆ ನಾಟಿತು. ಅದರಲ್ಲಿ ಹಗೆ ಇರಲಿಲ್ಲ, ಮೋಸವೂ ಇರಲಿಲ್ಲ. ಕೇಳಿ ತಿಳಿದದ್ದನ್ನು ಕೇಳಿದಂತೆಯೇ ಹೇಳಿದ್ದಳು. ನನ್ನ ಹೊಟ್ಟೆಯಲ್ಲಿದ್ದದ್ದು ನಾಳೆ ನನ್ನನ್ನು ಕೇಳಿದರೆ ನಾನೂ ಹೀಗೆಯೇ ಯೋಚಿಸಿ ಉತ್ತರ ಕೊಡಬೇಕೇ? ನನ್ನ ಮೂಗಿನ ಹತ್ತಿರ ಇಂಗು ತಂದವರ ಬೆರಳು ಕಡಿಯುತ್ತೇನೆಂದು ನಿನ್ನ ಶೇಖಣ್ಣನಿಗೆ ಹೇಳು ಎಂದು ಅವ್ವನನ್ನು ಕಳಿಸಿದೆ.

ಮಾತು ಓಣಿಯಲ್ಲಿ ಹಬ್ಬಿತು. ಕೆಲವರು ಹೆದರಿದರು, ಕೆಲವರು ಬಾಗಿಲು ಹಾಕಿಕೊಂಡರು. ಪಕ್ಕದ ಮನೆಯ ಸಾಂವಕ್ಕ ತಾನೂ ಬಸುರಿ. ಅವಳು ಮಾತ್ರ ನೀರಿನ ನಳದ ಹತ್ತಿರ ಕೊಡ ಇಳಿಸಿ, ದುರಗಿ ಮೂಗು ಕೊಡುವುದಿಲ್ಲವೆಂದರೆ ನಾನೇನು ಎರಡು ಮೂಗು ಇಟ್ಟುಕೊಂಡಿದ್ದೇನೆಯೇ ಎಂದು ನಕ್ಕಳು. ಆ ನಗೆಯ ಮೇಲೆ ಉಳಿದ ಬಸುರಿಯರೂ ಒಂದಾದರು. ಗಿರಣಿಯ ಮುಕಾದಮ ನನ್ನನ್ನು ಕರೆದು, ಹೆತ್ತ ಮೇಲೆ ಈ ಕಡೆ ಮುಖ ಹಾಕಬೇಡ ಎಂದ. ಅಲ್ಲಿಯ ತನಕ ಹಳೆಯ ಮೂಟೆ ಹಿಂಜು ಎಂದು ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ ಉಣ್ಣೆಯನ್ನು ನನ್ನ ಮುಂದೆ ಸುರಿಸಿದ. ಬಿಚ್ಚಿದರೆ ಮಾಡಿನ ತನಕ ಧೂಳು ಏಳುತ್ತಿತ್ತು. ನಾನು ಸೀನುತ್ತಲೇ ಹಿಂಜಿದೆ. ಹಟದಲ್ಲಿದ್ದವಳಿಗೆ ಸೀನು ಯಾವ ಲೆಕ್ಕ?

ನೋವು ಶುರುವಾದ ಬೆಳಿಗ್ಗೆ ಸೂಲಗಿತ್ತಿ ಹುಲಿಗೆವ್ವ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಓಣಿಯ ಹೆಂಗಸರೆಲ್ಲ ಸೆರಗಿನಿಂದ ಮೂಗು ಕಟ್ಟಿಕೊಂಡು ಹೊರಗೆ ಕೂತರು. ಕೆಳಗೋಣಿಯಲ್ಲಿ ಇಂಗಿಲ್ಲದ ಹೆರಿಗೆಯನ್ನು ಅವರಲ್ಲಿ ಬಹಳ ಮಂದಿ ಕಂಡಿರಲಿಲ್ಲ. ನನ್ನ ಮೂಗಿಗೆ ಯಾರೂ ಕೈ ಹಚ್ಚಲಿಲ್ಲ. ಕೂಸು ಬಂತು, ಹೆಣ್ಣು ಕೂಸು. ಹುಲಿಗೆವ್ವ ಅದನ್ನು ಹಸಿಯದನ್ನೇ ನನ್ನ ಎದೆಯ ಮೇಲೆ ಹಾಕಿ, "ಎಳಕೋ ಮಗಳ, ಹೊಟ್ಟಿ ತುಂಬ ಎಳಕೋ," ಅಂದಳು.

ನಾನು ಎಳೆದೆ. ಬಾಯಲ್ಲಿ ಗಾಳಿ ಬಂತು, ಮೂಗಿನಲ್ಲಿ ಬರಲಿಲ್ಲ. ಎರಡೂ ಹೊಳ್ಳೆಗಳು ಕಲ್ಲಿನಂತೆ ಕಟ್ಟಿಕೊಂಡಿದ್ದವು. ಆ ಹಳೆಯ ಮೂಟೆಗಳ ಧೂಳು ನೆಗಡಿಯಾಗಿ ಗಟ್ಟಿಯಾಗಿತ್ತು. ಸೀರೆಯ ತುದಿಯಿಂದ ಮೂಗು ಹಿಂಡಿದೆ, ಮತ್ತೆ ಎಳೆದೆ, ಮತ್ತೆ ಹಿಂಡಿದೆ. ಇಂಗು ಮಾಡಬೇಕಾದ ಕೆಲಸವನ್ನು ಗಿರಣಿ ತನ್ನ ಧೂಳಿನಿಂದ ಮಾಡಿ ಮುಗಿಸಿತ್ತು. ಮೂಗು ಒಂದಿಷ್ಟು ಬಿಟ್ಟುಕೊಳ್ಳುವ ಹೊತ್ತಿಗೆ ಹುಲಿಗೆವ್ವ ಕೂಸಿಗೆ ನೀರು ಹಾಕಿ, ಬಟ್ಟೆ ಸುತ್ತಿ, ಲೋಬಾನದ ಹೊಗೆ ಹಿಡಿದಿದ್ದಳು.

ನಾನು ಕೂಸನ್ನು ನೋಡಿದೆ. ಕೆಂಪಗೆ, ಕಣ್ಣು ಮುಚ್ಚಿಕೊಂಡು, ಯಾರೋ ನಮ್ಮ ಮನೆಯಲ್ಲಿ ಇಟ್ಟು ಮರೆತುಹೋದ ಸಾಮಾನಿನಂತಿತ್ತು. ಹೊರಗೆ ಹೆಂಗಸರು ಹಾಡು ಶುರು ಮಾಡಿದರು. ಸಾಂವಕ್ಕ ಒಳಗೆ ಇಣುಕಿ, ಹೆಂಗಿದೆ ಆ ರುಚಿ, ಹೇಳು ಎಂದು ಕೇಳಿದಳು. ನಾನು ನಕ್ಕೆ. ಅವರೆಲ್ಲ ನಗುತ್ತಿದ್ದರಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಕೂಸು ಅತ್ತರೆ ಎದೆಗೆ ಹಾಕುತ್ತಿದ್ದೆ, ನೆರೆಯವರಿಗೆ ಕೇಳಿಸೀತೆಂದು. ಹಾಲು ಬರುತ್ತಿತ್ತು, ಚೀಪಿದರೆ ಬರುತ್ತದೆ. ಹಾಲಿನ ಜೊತೆ ಬರಬೇಕಾದದ್ದು ಬರುತ್ತಿರಲಿಲ್ಲ. ಸಾಂವಕ್ಕ ಹೆತ್ತಳು, ತನ್ನ ಮಗನ ಕಂಪನ್ನು ಕುಡಿದಳು, ಹುಚ್ಚಿಯಂತೆ ಅವನ ಅಂಗಾಲಿಗೆ ಮುತ್ತಿಡುತ್ತಾ ಕೂತಳು. ಅವಳನ್ನು ನೋಡಿ ನಾನೂ ಅಂಗಾಲಿಗೆ ಮುತ್ತಿಡುವುದನ್ನು ಕಲಿತೆ. ಓಣಿಯ ಪಾಲಿಗೆ ನಾನು ಗೆದ್ದವಳು. ಗೆದ್ದ ಕೈಯಲ್ಲಿ ಏನೂ ಇಲ್ಲವೆಂದು ತೋರಿಸಿದರೆ ನಾಳೆ ಇನ್ನೊಬ್ಬಳು ಗಿರಣಿಗೆ ಇಲ್ಲವೆನ್ನುವ ಧೈರ್ಯವನ್ನು ಎಲ್ಲಿಂದ ತರಬೇಕು?

ಅತ್ತ ಗಿರಣಿ ಮನೆಯಲ್ಲಿ ಬೇರೆಯೇ ಆಯಿತು. ಕಂಪು ಕುಡಿಯಲು ಯಾರೂ ಸಿಗದೆ, ಕೋಣೆಯ ಬಾಗಿಲು ಮುಚ್ಚಿ ಹೆರಿಗೆ ಮಾಡಿಸಿದರು. ಸೊಸೆಯ ಮೂಗಿಗೆ ಕರ್ಪೂರವಿತ್ತು, ನರ್ಸಿನ ಮೂಗಿಗೆ ಪಟ್ಟಿ ಇತ್ತು. ಹೊರಗೆ ಶತಪಥ ಹಾಕುತ್ತಿದ್ದ ಶೇಖರನ ಅಪ್ಪ, ಸಾವ್ಕಾರನಿಗೆ ಮಾತ್ರ ತಡೆಯಲಾಗಲಿಲ್ಲ. ಗಂಡೋ ಹೆಣ್ಣೋ ಎಂದು ಕೇಳಲು ಬಾಗಿಲು ಸರಿಸಿ ತಲೆ ಒಳಗೆ ಹಾಕಿದ. ಗಂಡು ಎಂದು ನರ್ಸು ಹೇಳುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತಂತೆ.

ಊರೇ ನಕ್ಕಿತು. ಬೆಳ್ಳಿ ಕಟ್ಟಿನ ಕೋಲು ಹಿಡಿದು ನಡೆಯುತ್ತಿದ್ದವನು ಹೆಗಲ ಮೇಲೆ ಉಚ್ಚೆ ಬಟ್ಟೆ ಹಾಕಿಕೊಂಡು ಗಿರಣಿಗೆ ಬಂದ. ನಾವು ನಗುವುದರ ಜೊತೆಗೆ ಆಸೆಯನ್ನೂ ಪಟ್ಟೆವು. ಪ್ರೀತಿ ಎಂದರೇನೆಂದು ಈಗ ಅವನಿಗೆ ತಿಳಿಯಿತು, ಇನ್ನು ನಮ್ಮ ಮಕ್ಕಳ ಕಷ್ಟವೂ ತಿಳಿಯುತ್ತದೆ ಎಂದುಕೊಂಡೆವು. ಎಂಥ ದಡ್ಡರು ನಾವು. ಈದ ನಾಯಿಯ ಹತ್ತಿರ ಹೋಗಿ ನೋಡಿದವರಿಗೆ ಗೊತ್ತು, ಮರಿಗಳನ್ನು ನೆಕ್ಕುವ ಬಾಯಿಯೇ ಕಚ್ಚುವುದು. ಸಾವ್ಕಾರ ಮೊದಲು ಮಾಡಿದ ಕೆಲಸವೆಂದರೆ ಎರಡು ಓಣಿಗಳ ನಡುವಿನ ಗೇಟಿಗೆ ಬೀಗ ಹಾಕಿಸಿದ್ದು, ಕೆಳಗೋಣಿಯ ಧೂಳು ಕೂಸಿನ ಮೇಲೆ ಬರಬಾರದೆಂದು. ನಳಕ್ಕೆ ಹೋಗಲು ನಾವು ಊರು ಸುತ್ತಬೇಕಾಯಿತು. ಎರಡನೆಯದು, ಕೆಮ್ಮುವ ಹಿಂಜುಗಾರ್ತಿಯರನ್ನು ಕೆಲಸದಿಂದ ತೆಗೆದದ್ದು, ಕೆಮ್ಮು ತನ್ನ ಬಟ್ಟೆಗೆ ಹತ್ತಿ ಕೂಸಿಗೆ ಮುಟ್ಟೀತೆಂದು. ಆ ಕೆಮ್ಮು ಅವರಿಗೆ ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ. ಮೊದಲು ಅವನಿಗೆ ನಮ್ಮ ಮೇಲೆ ತಾತ್ಸಾರವಿತ್ತು, ಈಗ ಭಯ ಬಂದಿತ್ತು. ಭಯ ಬಂದ ದೊಡ್ಡವರು ತಾತ್ಸಾರದವರಿಗಿಂತ ಕೆಡುಕರು.

ಒಂದು ಮಧ್ಯಾಹ್ನ ಅವ್ವ ನನ್ನ ಮನೆಗೆ ಬಂದಳು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಸ್ವಲ್ಪ ಹೊತ್ತು ನೋಡಿ, "ರೇಷನ್ ಚೀಲ ಹಿಡದಂಗ ಹಿಡದೀಯಲ್ಲ," ಅಂದಳು.

ನಾನು ಕೂಸಿನ ಅಂಗಾಲಿಗೆ ಮುತ್ತಿಟ್ಟೆ.

"ನಿನಗ ಹತ್ತಿಲ್ಲ," ಅಂದಳು.

ಅತ್ತುಬಿಟ್ಟೆ. ನೆಗಡಿಯ ಕಥೆಯನ್ನೆಲ್ಲ ಹೇಳಿದೆ. ಅವ್ವ ಸಮಾಧಾನ ಮಾಡಲಿಲ್ಲ, ಅವಳಿಗೆ ನನ್ನ ವಿಷಯದಲ್ಲಿ ಅದು ಬರುತ್ತಿರಲಿಲ್ಲ. ಎಲೆ ಅಡಿಕೆ ಚೀಲ ಬಿಚ್ಚಿ ಕೂತಳು. ನಾನೇ ಕೇಳಿದೆ, ನಾನು ಕೂಸಾಗಿದ್ದಾಗ ನಿನಗೆ ಹೇಗಿತ್ತು ಎಂದು. ಅವ್ವ ಮುಚ್ಚಿಡಲಿಲ್ಲ. ಶೇಖರ ಮೇಲೋಣಿಯಲ್ಲಿ ಅತ್ತರೆ ಇಲ್ಲಿ ಅವಳ ಕುಪ್ಪಸ ತೋಯುತ್ತಿತ್ತಂತೆ, ನಾನು ಮಗ್ಗುಲಲ್ಲೇ ಅತ್ತರೆ ಸಿಟ್ಟು ಬರುತ್ತಿತ್ತಂತೆ, ಎದೆಯಲ್ಲಿ ಹಾಲು ಇಳಿಯದೆ ನನ್ನನ್ನು ಆಡಿನ ಹಾಲಿನ ಮೇಲೆ ಸಾಕಿದಳಂತೆ.

"ಮತ್ತ ನನ್ನ ಯಾಕ ಎತ್ತಿಕೊಂಡಿ ಅವ್ವಾ? ಬಿಡಬೇಕಿತ್ತು."

"ಎತ್ತಿಕೊಳ್ಳಾಕ ಬ್ಯಾರೆ ಯಾರ ಇದ್ರು?" ಅಂದಳು. ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡಳು. "ದಿನಾ ಎತ್ತಿಕೊಂಡೆ, ದಿನಾ ಇಳಿಸಿದೆ. ನೀ ನಡಿಯೂ ಹೊತ್ತಿಗೆ ಒಂದ ಸಲ ಬಾವಿ ಕಡೆ ಓಡಿದಿ. ನಾ ನಿನ್ನ ಹಿಂದ ಓಡಿದೆ. ಆಮ್ಯಾಲ ಕುಂತು ವಿಚಾರ ಮಾಡಿದೆ, ನಾ ಯಾಕ ಓಡಿದೆ ಅಂತ."

ಅದಕ್ಕೆ ಉತ್ತರ ಸಿಕ್ಕಿತೇ ಎಂದು ನಾನು ಕೇಳುವಷ್ಟರಲ್ಲಿ ಅವಳು ಎದ್ದಿದ್ದಳು. ಶೇಖರನ ಕೂಸು ಹಾಲಿಲ್ಲದೆ ಸೊರಗುತ್ತಿದೆ, ಡಬ್ಬಿ ಹಾಲನ್ನೂ ಹಸುವಿನ ಹಾಲನ್ನೂ ಕಕ್ಕುತ್ತಿದೆ, ನೋಡಿ ಬರುತ್ತೇನೆ ಎಂದು ಹೋದಳು.

ಆ ಕೂಸಿನ ಸುದ್ದಿ ನಮಗೂ ಗೊತ್ತಿತ್ತು. ಸೊಸೆಯ ಹಾಲನ್ನು ಮಲ್ಲಿಗೆ ಬತ್ತಿಸಿತ್ತು. ಸಾಂವಕ್ಕ ಮರುಕಪಟ್ಟು ತಾನೇ ಹೋಗಿ ಎದೆಗೆ ಹಾಕಿಕೊಂಡಿದ್ದಳು. ಒಂದು ಹನಿ ಇಳಿಯಲಿಲ್ಲ. ಕಂಪು ಹತ್ತಿದವಳ ಎದೆ ಬೇರೆ ಕೂಸಿನ ಬಾಯಿಗೆ ಕಲ್ಲಾಗುತ್ತದೆ. ಪಾಪ, ಅತ್ತುಕೊಂಡು ಬಂದಿದ್ದಳು.

ಮರುದಿನ ಗೇಟಿನ ಬೀಗ ತೆಗೆದ ಸದ್ದಾಯಿತು. ಸಾವ್ಕಾರ ಕೂಸನ್ನು ತಾನೇ ಎತ್ತಿಕೊಂಡು ಕೆಳಗೋಣಿಗೆ ಇಳಿದು ಬಂದ. ಹಿಂದೆ ಅವ್ವ. ಅವಳು ನನ್ನ ಕಣ್ಣು ತಪ್ಪಿಸಲಿಲ್ಲ, ತಪ್ಪು ಮಾಡಿದ್ದೇನೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ತನ್ನ ಶೇಖಣ್ಣನ ಕೂಸು ಬದುಕಬೇಕಿತ್ತು. ಸಾವ್ಕಾರ ನನ್ನ ಅಂಗಳದಲ್ಲಿ ನಿಂತು, ಓಣಿಯೆಲ್ಲ ಕೇಳುವಂತೆ, ನಿನಗೆ ಕಂಪು ಹತ್ತಿಲ್ಲವಂತಲ್ಲ, ನಿನ್ನ ಎದೆ ಯಾರಿಗೂ ಕಟ್ಟಿಲ್ಲವಂತಲ್ಲ ಎಂದ. ಸಾಂವಕ್ಕ ತನ್ನ ಬಾಗಿಲಲ್ಲಿ ನಿಂತಿದ್ದಳು, ಅವಳ ಮುಖ ಬಿಳುಪೇರಿತು. ನಾನು ನೆಲ ನೋಡಿದೆ. ಇಷ್ಟು ದಿನ ಮುಚ್ಚಿಟ್ಟದ್ದು ಬೀದಿಯಲ್ಲಿ ಬಿದ್ದಿತ್ತು.

ತಲೆ ಎತ್ತಿದಾಗ ನನಗೆ ಕಂಡದ್ದು ಅವನ ಕೈ. ಕೂಸನ್ನು ಹಿಡಿದ ಎರಡೂ ಕೈ ನಡುಗುತ್ತಿದ್ದವು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ನಿದ್ದೆಯಿಲ್ಲದ ಕಣ್ಣು ಕೆಂಪಾಗಿದ್ದವು. ಈ ಕೈಗಳನ್ನು ನಾನು ಬಲ್ಲೆ. ಮೇಲೋಣಿಯ ಹಿತ್ತಿಲ ಬಾಗಿಲಲ್ಲಿ, ಒಳಗೆ ಬಿಡಿ ಎಂದು ಬೇಡುತ್ತಾ ನಿಂತ ನನ್ನ ಅವ್ವನ ಕೈಗಳು ಹೀಗೆಯೇ ನಡುಗುತ್ತಿದ್ದವು. ಕಂಪು ಹತ್ತಿದವರಿಗೆ ಚೌಕಾಸಿ ಮಾಡಲು ಬರುವುದಿಲ್ಲ. ನಮ್ಮ ಅಜ್ಜಿಯರಿಗೆ, ಅವ್ವಂದಿರಿಗೆ ಅದು ಬಂದಿರಲಿಲ್ಲ. ಊರು ಹುಟ್ಟಿದಂದಿನಿಂದ ನಮ್ಮನ್ನು ಪುಕ್ಕಟೆ ದುಡಿಸಿಕೊಂಡದ್ದು ಅದೇ ಒಂದು ಬಲದಿಂದ. ಇವತ್ತು ಈ ಅಂಗಳದಲ್ಲಿ ಚೌಕಾಸಿ ಬರುವವಳು ನಾನೊಬ್ಬಳೇ.

"ಕುಡಸ್ತೇನ್ರಿ," ಅಂದೆ. "ಆದ್ರ ನಾ ಮ್ಯಾಲ ಬರಂಗಿಲ್ಲ. ನೀವ ಕೂಸನ್ನ ಇಲ್ಲಿಗೆ ತರಬೇಕು. ಗೇಟಿಗೆ ಇನ್ನ ಬೀಗ ಬೀಳಬಾರದು. ತಗದ ಹೆಣ್ಮಕ್ಕಳು ನಾಳಿಂದ ಕೆಲಸಕ್ಕ ಬರ್ತಾರ, ನಾನೂ ಬರ್ತೇನಿ. ಗಿರಣ್ಯಾಗ ಧೂಳಿಲ್ಲದ ಕಡೆ ಒಂದು ಶೆಡ್ಡು, ಅದರಾಗ ತೊಟ್ಟಿಲು. ಮತ್ತ ಈ ಓಣ್ಯಾಗ ಯಾರ ಮೂಗಿಗೂ ಇಂಗು ಬರಬಾರದು."

"ತಾಯಿ ಹಾಲಿಗೆ ರೇಟ್ ಕಟ್ಟತೀಯೇನು?" ಎಂದ. ಬೈಗುಳದಂತೆ ಹೇಳಲು ನೋಡಿದ, ಅಳುವಿನಂತೆ ಬಂತು.

"ನಾ ಅದರ ತಾಯಿ ಅಲ್ರಿ ಸಾವ್ಕಾರ್ರ. ಅದಕ್ಕ ಕಟ್ಟಾಕತ್ತೇನಿ."

ಅವನು ಇಲ್ಲವೆಂದಿದ್ದರೆ ನಾನು ಆ ಕೂಸನ್ನು ಹಾಗೆಯೇ ಬಿಡುತ್ತಿದ್ದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೊತ್ತಿಲ್ಲ. ಅಂದು ನನ್ನೊಳಗೆ ಮರುಕವಿರಲಿಲ್ಲ, ಹಗೆಯೂ ಇರಲಿಲ್ಲ. ಒಣಗಿದ ನೆಲದಂತೆ ಒಂದು ನೆಮ್ಮದಿ ಇತ್ತು, ಅದನ್ನು ನೆನೆದರೆ ಇವತ್ತಿಗೂ ಹೆದರಿಕೆಯಾಗುತ್ತದೆ. ಕೂಸು ಕೀರಲು ದನಿಯಲ್ಲಿ ಒಮ್ಮೆ ಅತ್ತಿತು. ಸಾವ್ಕಾರ ಓಣಿಯ ಎಲ್ಲರ ಮುಂದೆ, ಆಗಲಿ, ಎಲ್ಲ ಆಗಲಿ ಎಂದ. ಹುಲಿಗೆವ್ವ ಅವನಿಂದ ಗಿರಣಿಯ ದೀಪದ ಆಣೆ ಹಾಕಿಸಿದಳು. ಆಮೇಲೆ ನಾನು ಕೈ ಚಾಚಿದೆ.

ಸಾಂವಕ್ಕ ಮಾತ್ರ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಸಂಜೆ ಬಂದು, ಸುಳ್ಳು ಮುತ್ತಿಡುವುದನ್ನು ನನ್ನಿಂದಲೇ ಕಲಿತೆಯಲ್ಲ, ಕಳ್ಳಿ ಎಂದು ಬೆನ್ನಿಗೆ ಗುದ್ದಿ, ನನ್ನ ಮಗಳಿಗೆ ಎಣ್ಣೆ ಹಚ್ಚಿ ಹೋದಳು.

ಗಿರಣಿಯಲ್ಲಿ ಶೆಡ್ಡು ಎದ್ದಿತು. ಮಾಡಿದವನ ಮನಸ್ಸಿನಷ್ಟೇ ಗಿಡ್ಡ, ತಲೆ ಬಾಗಿಸಿ ಹೋಗಬೇಕು. ಆದರೂ ತೊಟ್ಟಿಲುಗಳು ತೂಗುತ್ತವೆ. ಸಾವ್ಕಾರ ದಿನಾ ಮೊಮ್ಮಗನನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಾನೆ, ತನ್ನ ಕೂಸನ್ನು ಬಿಟ್ಟು ಬೇರೆ ಯಾವ ತೊಟ್ಟಿಲನ್ನೂ ನೋಡದೆ ಕೂತು, ಎತ್ತಿಕೊಂಡು ಹೋಗುತ್ತಾನೆ. ಅಲ್ಲಿ ಕೂಸುಗಳು ಅತ್ತಾಗ ಹಿಂಜುವ ಹೆಂಗಸರಲ್ಲಿ ಒಬ್ಬಳೇ ಏಳುತ್ತಾಳೆ, ಆ ಅಳು ಯಾರದೋ ಅವಳು. ಉಳಿದವರಿಗೆ ಅದು ಮಗ್ಗದ ಸದ್ದಿನ ಹಾಗೆ. ನನಗೆ ಯಾವ ಅಳು ಯಾರದೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ನಾನು ಪ್ರತಿ ಅಳುವಿಗೂ ಏಳುತ್ತಿದ್ದೆ, ಹೋಗಿ ಒಂದೊಂದೇ ತೊಟ್ಟಿಲು ಇಣುಕುತ್ತಿದ್ದೆ, ನನ್ನದಾದರೆ ನನ್ನದನ್ನು, ಅಲ್ಲದಿದ್ದರೆ ಅಲ್ಲದ್ದನ್ನು ಎತ್ತಿಕೊಳ್ಳುತ್ತಿದ್ದೆ. ಮುಕಾದಮ ಗೊಣಗಿದರೂ ಬಿಡಲಿಲ್ಲ.

ನನ್ನ ಮಗಳಿಗೆ ಕೆಳಗಿನ ಎರಡು ಹಲ್ಲು ಬಂದಿದ್ದ ಕಾಲ. ಮಧ್ಯಾಹ್ನದ ಉಣ್ಣೆ ಮುಂದಿತ್ತು. ಶೆಡ್ಡಿನಿಂದ ಅಳು ಬಂತು, ನಾನು ಎದ್ದೆ.

"ಕುಂದ್ರ ದುರಗಿ,"‌ ಅಂದಳು ಸಾಂವಕ್ಕ. "ಅದು ನಿಂದಲ್ಲ."

"ಗೊತ್ತೈತಿ," ಅಂದೆ.

ಸಾಂವಕ್ಕನ ಕೈಯಲ್ಲಿ ಉಣ್ಣೆ ಹಾಗೆಯೇ ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನಿನ್ನೂ ಶೆಡ್ಡಿನ ಕಡೆ ತಿರುಗಿಯೂ ಇರಲಿಲ್ಲ, ಒಂದು ತೊಟ್ಟಿಲನ್ನೂ ಇಣುಕಿರಲಿಲ್ಲ.

"ಮತ್ತ ಯಾಕ ಎದ್ದಿ?"

"ಅಳಾಕತ್ತೈತಲ್ಲ," ಅಂದು, ತಲೆ ಬಾಗಿಸಿ ಒಳಗೆ ಹೋದೆ.